ಫೋನ್ ಮಾಡ್ತೀನಿ ಅಂದಿದ್ದು

ನಮ್ಮ ಕಡೆ ಹೆಣ್ಣು ನೋಡಲು ಬಂದವರು 'ಬೇಡ' ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಳ್ಳುವಾಗ 'ಮನೇಲಿ ಮಾತಾಡಿ ಫೋನ್ ಮಾಡ್ತೀವಿ' ಅನ್ನುತ್ತಾರೆ. ಫೋನ್ ಬರುವುದಿಲ್ಲ. ಒಂದು ವಾರ ನೋಡಿ ಹೆಣ್ಣಿನ ಮನೆಯವರು ಇನ್ನೊಂದು ಜಾತಕ ಕೈಗೆತ್ತಿಕೊಳ್ಳುತ್ತಾರೆ. ಯಾರ ಮನಸ್ಸಿಗೂ ನೋವಾಗದ ಹಾಗೆ ಮಾತು ಮುಗಿಸುವ ಉಪಾಯ ಇದು ಎಂದು ನಾನೂ ಐವತ್ತು ವರ್ಷ ನಂಬಿಕೊಂಡಿದ್ದೆ. ಈ ಉಪಾಯವನ್ನು ಮದುವೆಯಲ್ಲದ ಒಂದು ಕೆಲಸಕ್ಕೆ ಬಳಸಿದೆ. ಅದರಿಂದ ನನ್ನ ಅಕ್ಕನ ನಾಲ್ಕು ಮಗ್ಗ ಹೋದವು.

ನಾನು ದೊಡ್ಡಬಳ್ಳಾಪುರದವನು. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಮೇಷ್ಟ್ರು. ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮನೆಯ ಹಿಂದೆ ಶೀಟಿನ ಶೆಡ್ಡು, ಅದರಲ್ಲಿ ಕರೆಂಟಿನ ಮಗ್ಗ ನಾಲ್ಕು. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಆ ನಾಲ್ಕನ್ನೂ ನಡೆಸಿದಳು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದಳು, ಮದುವೆ ಮಾಡಿದಳು. ನಮ್ಮಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ, ಪ್ರತಿ ಬೀದಿಯಲ್ಲೂ ಅಂಥ ಹೆಂಗಸರಿದ್ದಾರೆ. ಆದರೆ ಅಕ್ಕನಿಗೆ ಒಂದು ವಿಶೇಷ ಇತ್ತು. ಮೂರನೇ ಮಗ್ಗದ ಹತ್ತಿರ ನಿಂತು ಕೆಲಸ ಮಾಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ತಿರುಗಿ ಒಂದನೇ ಮಗ್ಗ ನಿಲ್ಲಿಸುತ್ತಿದ್ದಳು. ಹೋಗಿ ನೋಡಿದರೆ ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಕಡಿದಿರುತ್ತಿತ್ತು. 'ಅದರ ದನಿ ಬದ್ಲಾಯ್ತು ಕಣೋ' ಅನ್ನುತ್ತಿದ್ದಳು. ನನ್ನ ಕಿವಿಗೆ ಆ ಶೆಡ್ಡಿನಲ್ಲಿ ಗದ್ದಲ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಮೂವತ್ತು ವರ್ಷ ಆ ಗದ್ದಲದಲ್ಲಿ ನಿಂತದ್ದಕ್ಕೆ ಅವಳ ಕಿವಿ ಹೋಯಿತು. ಮೊದಲು ಫೋನಿನ ಮಾತು ಕೇಳದಾಯಿತು, ಆಮೇಲೆ ಹಿಂದಿನಿಂದ ಕರೆದರೆ ತಿರುಗದಾದಳು. 'ಕೊಟ್ಟಿದ್ದನ್ನೆಲ್ಲ ಮಗ್ಗ ಕಿವಿಯಿಂದ ವಸೂಲಿ ಮಾಡ್ಕೊಂತು' ಎಂದು ನಗುತ್ತಿದ್ದಳು. ಕಿವಿಗೆ ಹಾಕುವ ಮಿಷನ್ನು ಕೊಡಿಸಿದೆವು. ಶೆಡ್ಡಿಗೆ ಹೋದರೆ ಅದು ಗದ್ದಲವನ್ನೇ ಇನ್ನೂ ದೊಡ್ಡದು ಮಾಡುತ್ತದೆಂದು ತೆಗೆದು ದೇವರ ಗೂಡಿನಲ್ಲಿಟ್ಟಳು. ಎಳೆ ಕಡಿದದ್ದು ಗೊತ್ತಾಗದೆ ಸೀರೆಯ ಉದ್ದಕ್ಕೂ ಗೆರೆ ಬೀಳತೊಡಗಿತು. ರೇಷ್ಮೆ ಕೊಟ್ಟು ನೇಯಿಸಿಕೊಳ್ಳುವ ಸಾವುಕಾರರು ಒಂದೆರಡು ಸೀರೆ ವಾಪಸ್ಸು ಮಾಡಿ, ಮೂರನೆಯದಕ್ಕೆ ಮುಖ ಗಂಟು ಹಾಕಿಕೊಂಡರು.

ಅವಳಿಗಾಗಿಯೇ ನಾನು ಆ ಪೆಟ್ಟಿಗೆ ಮಾಡಿದ್ದು. ಟಿಫನ್ ಡಬ್ಬಿಯಷ್ಟು ಇದೆ. ಹಾಸಿನ ಎಳೆಗಳ ಕೆಳಗೆ ಈ ತುದಿಯಿಂದ ಆ ತುದಿಗೆ ಬೆಳಕಿನ ಒಂದು ಗೆರೆ ಹಾಯಿಸುತ್ತದೆ. ಎಳೆ ಕಡಿದು ಜೋತುಬಿದ್ದರೆ ಬೆಳಕಿಗೆ ಅಡ್ಡವಾಗುತ್ತದೆ, ಅದಕ್ಕೆ ತಗುಲಿ ವಾಪಸ್ಸಾದ ಬೆಳಕನ್ನು ಪೆಟ್ಟಿಗೆಯ ಗಾಜಿನ ಕಣ್ಣು ಹಿಡಿಯುತ್ತದೆ, ಕೂಡಲೇ ಮೇಲೊಂದು ಕೆಂಪು ದೀಪ ಹತ್ತುತ್ತದೆ. ಕಿವಿ ಕೇಳದಿದ್ದರೇನಂತೆ, ಕಣ್ಣಿಗೆ ಕಂಡರಾಯಿತು. ನನ್ನ ಮೇಜಿನ ಮೇಲೆ ನೂರು ಸಲ ನೂಲು ಕತ್ತರಿಸಿ ನೋಡಿದೆ, ನೂರು ಸಲವೂ ದೀಪ ಹತ್ತಿತು.

ನನ್ನ ಮಗಳು ಅದರ ವಿಡಿಯೊ ಮಾಡಿ, ಹೊಸ ವಸ್ತು ಕಂಡುಹಿಡಿದವರಿಗೆ ಜನರೇ ಚೂರುಪಾರು ದುಡ್ಡು ಕೂಡಿಸಿಕೊಡುವ ಒಂದು ವೆಬ್‌ಸೈಟಿಗೆ ಹಾಕಿದಳು. 'ಕ್ರೌಡ್‌ಫಂಡಿಂಗ್ ಅಂತಾರಪ್ಪ' ಎಂದಳು. ಗಣೇಶನಿಗೆ ಚಂದಾ ಎತ್ತಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ವಿಡಿಯೊದಲ್ಲಿ ಅಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತು, 'ನನಗೆ ಕಿವಿ ಕೇಳಲ್ಲ, ಕೈ ಚೆನ್ನಾಗೇ ಇದೆ' ಅಂದಿದ್ದಳು. ಆ ಒಂದು ಮಾತಿಗೇ ಜನ ಮನಸೋತರು ಅಂತ ಕಾಣುತ್ತದೆ. ಎಲ್ಲೆಲ್ಲಿಯದೋ ಊರುಗಳಿಂದ, ನೇಕಾರರ ಮನೆಗಳಿಂದ, ಒಂದೊಂದು ಪೆಟ್ಟಿಗೆ ನಮಗೂ ಇರಲಿ ಎಂದು ದುಡ್ಡು ಹಾಕಿದರು. ದೀಪಾವಳಿಗೆ ಕಳಿಸುತ್ತೇವೆ ಎಂದು ನಾನೇ ಧೈರ್ಯವಾಗಿ ಬರೆದೆ. ಒಬ್ಬ ಮೇಷ್ಟ್ರು ಮೇಜಿನ ಮೇಲೆ ಎರಡು ಮಾಡಬಹುದು, ನೂರಾರು ಮಾಡಲು ವರ್ಕ್‌ಶಾಪ್ ಇರುವ ಪಾಲುದಾರ ಬೇಕಲ್ಲ. ಹಾಗಾಗಿ ಹುಡುಕಾಟ ಶುರುವಾಯಿತು.

ಮೊದಲು ಬಂದವನು ಹೊಸಕೋಟೆಯವನು. ಅಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದ. ವಯಸ್ಸು ನಲವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಎಣ್ಣೆ ಕಪ್ಪು, ಮಾತು ಕಡಿಮೆ. ನಾನು ಪೆಟ್ಟಿಗೆ ತೋರಿಸಲು ಹೋದರೆ, 'ಆಮೇಲೆ ನೋಡಣ ಸಾರ್, ಮೊದ್ಲು ಮಗ್ಗ ನೋಡ್ತೀನಿ' ಎಂದು ನೇರ ಶೆಡ್ಡಿಗೆ ಹೋದ. ಓಡುತ್ತಿದ್ದ ಮಗ್ಗದ ಚೌಕಟ್ಟಿಗೆ ಅಂಗೈ ಒತ್ತಿ ಸುಮ್ಮನೆ ನಿಂತ. ಎಷ್ಟು ಹೊತ್ತು ನಿಂತನೆಂದರೆ ನನಗೆ ಸಿಟ್ಟು ಬಂತು. ಆಮೇಲೆ ಅಕ್ಕನ ಎದುರಿಗೆ ಹೋಗಿ, ಅವಳು ತಲೆಯೆತ್ತುವವರೆಗೆ ಕಾದು, ಕೂಗದೆ, ನಿಧಾನವಾಗಿ ಕೇಳಿದ.

'ಅಕ್ಕ, ಮಗ್ಗದ ಧೂಳು ಎಷ್ಟು ದಿನಕ್ಕೊಂದ್ಸಲ ಒರಸ್ತೀರಾ?'

'ಒರ್ಸೋಕೆ ಪುರಸೊತ್ತೆಲ್ಲಪ್ಪಾ ಇದೆ?' ಅಂದಳು ಅಕ್ಕ.

ಹೊರಗೆ ಬಂದು ನನಗೆ ಹೇಳಿದ: 'ನಿಮ್ಮ ಐಡಿಯಾ ಚೆನ್ನಾಗಿದೆ ಸಾರ್. ಆದ್ರೆ ಇದು ಮೇಜಿನ ಮೇಲಿನ ಸಾಮಾನು. ಇಲ್ಲಿ ನೂಲಿನ ಧೂಳು, ಎಣ್ಣೆ ಎಲ್ಲ ಹೋಗಿ ಕಣ್ಣಿಗೆ ಮೆತ್ಕೊಳ್ಳತ್ತೆ. ಹತ್ತು ದಿನ, ಅಷ್ಟೇ. ಕಣ್ಣು ಮುಚ್ಚೋಯ್ತದೆ. ಮೂರು ತಿಂಗಳು ಜಾಸ್ತಿ ತಗೊಳ್ಳಿ. ದುಡ್ಡು ಹಾಕಿರೋರಿಗೆ ಲೇಟಾಗತ್ತೆ ಅಂತ ಈಗ್ಲೇ ಹೇಳ್ಬಿಡಿ.'

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಇಪ್ಪತ್ತೈದು ವರ್ಷ ಪಾಠ ಹೇಳಿದ್ದೇನೆ, ಇವನ ವಯಸ್ಸಿನವರು ನನ್ನ ಕೈಯಲ್ಲಿ ಕಲಿತು ಹೋಗಿದ್ದಾರೆ. ಇವನು ಅರ್ಧ ಗಂಟೆ ನಿಂತು ನನ್ನ ಪೆಟ್ಟಿಗೆಗೆ ಹತ್ತು ದಿನದ ಆಯುಷ್ಯ ಬರೆದ. ನಾನು ನಕ್ಕೆ. ಮೇಷ್ಟ್ರುಗಳಿಗೆ ಸಿಟ್ಟು ಬಂದಾಗ ಒಂದು ನಗು ನಗುತ್ತಾರೆ, ಅದು. ಅವನಿಗೆ ಗೊತ್ತಾಗಲಿಲ್ಲ. 'ಒಂದು ಪೀಸ್ ಕೊಟ್ಟಿರಿ ಸಾರ್, ಏನು ಮಾಡ್ಬೋದು ನೋಡ್ತೀನಿ. ನೀವು ಹೂಂ ಅಂದ್ರೆ ಬೇರೆ ದೊಡ್ಡ ಕೆಲ್ಸ ಒಪ್ಕೊಳಲ್ಲ' ಎಂದ. ಇಲ್ಲ ಎನ್ನಲಾರದೆ ಒಂದು ಪೆಟ್ಟಿಗೆ ಕೊಟ್ಟು ಕಳಿಸಿದೆ.

ಅವತ್ತು ಅಕ್ಕ ಮಗ್ಗ ನಿಲ್ಲಿಸಿ ಬಂದು, 'ಆ ಮನುಷ್ಯ ಎದುರಿಗೆ ಬಂದು ಮಾತಾಡ್ದ ಕಣೋ. ನೀನೂ ಹಾಗೆ ಮಾತಾಡಲ್ಲ. ಅವನೇ ಸಾಕು' ಅಂದಳು.

'ಎದುರಿಗೆ ಬಂದು ಮಾತಾಡಿದ್ರೆ ಪಾರ್ಟ್‌ನರ್ ಆಗ್ಬಿಡ್ತಾರಾ? ವಿಚಾರಿಸ್ಬೇಕು' ಎಂದೆ ನಾನು.

ವಿಚಾರಿಸುವುದೆಂದರೆ ನಮ್ಮ ಮನೆಯಲ್ಲಿ ಸೋದರಮಾವ. ನಮ್ಮ ಕುಟುಂಬದ ಎಲ್ಲ ಹೆಣ್ಣುಮಕ್ಕಳ ಗಂಡುಗಳನ್ನೂ ವಿಚಾರಿಸಿದವನು ಅವನೇ. ಅವನ ಕ್ರಮವೇ ಬೇರೆ. ಗಂಡಿನ ಮನೆಗೆ ಮೊದಲು ಹೋಗುವ ಹಾಗಿಲ್ಲ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಆ ಊರಿನ ಡೈರಿಯ ಹತ್ತಿರ ನಿಲ್ಲಬೇಕು. ಆಮೇಲೆ ಕಟಿಂಗ್ ಶಾಪು, ಆಮೇಲೆ ಟೀ ಅಂಗಡಿ. ಜಮೀನು ಕೊಳ್ಳಲು ಬಂದವರ ಹಾಗೆ ಮಾತು ತೆಗೆದು ಮೆಲ್ಲಗೆ ಹೆಸರು ಬಿಡಬೇಕು. 'ಹೆಣ್ಣು ಕೊಡೋದಾದ್ರೂ ಅಷ್ಟೇ, ಪಾಲು ಕೊಡೋದಾದ್ರೂ ಅಷ್ಟೇ ಕಣ್ಲಾ. ಮನೆತನ ನೋಡ್ಬೇಕು' ಎಂದು ಮಾವ ಶಾಲು ಹೊದ್ದು ನನ್ನ ಕಾರು ಹತ್ತಿದ.

ಹೊಸಕೋಟೆಯವನ ಹುಟ್ಟೂರು ಅನುಗೊಂಡನಹಳ್ಳಿಯಿಂದ ಸ್ವಲ್ಪ ಮುಂದೆ. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರೊಬ್ಬರು ಹೆಸರು ಕೇಳಿದ ಕೂಡಲೇ, 'ಅವ್ನಾ? ಸ್ವಂತ ಅಣ್ಣನ ಮೇಲೆ ಕೇಸ್ ಹಾಕ್ದೋನು' ಎಂದರು. ಕಟಿಂಗ್ ಶಾಪಿನಲ್ಲಿ, ಊರಿಗೆ ಬಂದು ವರ್ಷಗಳಾದವು, ಹಬ್ಬಕ್ಕೂ ಅಣ್ಣನ ಮನೆ ಹೊಸಿಲು ತುಳಿಯುವುದಿಲ್ಲ ಎಂದರು. ಟೀ ಅಂಗಡಿಯವನು ತುಟಿ ಡೊಂಕು ಮಾಡಿ ಲೋಟ ತೊಳೆಯತೊಡಗಿದ. ಕೇಸು ಯಾತಕ್ಕೆ ಎಂದು ಮಾವ ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು. ಲೋಟ ಕೆಳಗಿಟ್ಟು ಎದ್ದೆ.

'ಒಡಹುಟ್ಟಿದೋನಿಗೇ ಆಗ್ದೋನು ನಿನಗಾಗ್ತಾನಾ?' ಎಂದ ಮಾವ, ಕಾರಿನಲ್ಲಿ.

ಇಲ್ಲಿ ಸುಳ್ಳು ಬರೆಯಬಾರದು. ಆ ಮಾತು ಕೇಳಿ ನನಗೆ ಬೇಸರವಾಗಲಿಲ್ಲ, ಖುಷಿಯಾಯಿತು. ನನ್ನ ಪೆಟ್ಟಿಗೆಯನ್ನು ಹೀಗಳೆದವನು ಕೆಟ್ಟವನು ಎಂದು ಮೂರು ಕಡೆಯೂ ಸಾಕ್ಷಿ ಸಿಕ್ಕಿತ್ತು. ಅವನು ಪೆಟ್ಟಿಗೆಯ ಬಗ್ಗೆ ಹೇಳಿದ್ದು ಸರಿಯೋ ತಪ್ಪೋ ಎಂದು ಇನ್ನು ಯೋಚಿಸಬೇಕಾಗಿಯೇ ಇರಲಿಲ್ಲ. ದಾರಿಯಲ್ಲಿ ಹೋಟೆಲ್ಲಿಗೆ ನಿಲ್ಲಿಸಿ ಮಾವನಿಗೆ ಮಸಾಲೆ ದೋಸೆ ಕೊಡಿಸಿದೆ.

ಎರಡು ದಿನ ಬಿಟ್ಟು ಹೊಸಕೋಟೆಯವನೇ ಫೋನ್ ಮಾಡಿದ. ಬೇಡ ಎಂದು ಹೇಳಲು ನಾಲಿಗೆ ಏಳಲಿಲ್ಲ. 'ಮನೇಲಿ ಮಾತಾಡಿ ಫೋನ್ ಮಾಡ್ತೀನಿ' ಎಂದೆ.

'ಆಯ್ತು ಸಾರ್, ಕಾಯ್ತಿರ್ತೀನಿ' ಎಂದ.

ಎರಡನೆಯವನು ನೆಲಮಂಗಲದವನು. ಶಿವಗಂಗೆಯ ಕಡೆಯ ಅವನ ಊರಿಗೂ ಮಾವನ ಜೊತೆ ಹೋದೆ. ಡೈರಿಯಲ್ಲಿ ಹೊಗಳಿದರು, ಕಟಿಂಗ್ ಶಾಪಿನಲ್ಲಿ ಹೊಗಳಿದರು, ಟೀ ಅಂಗಡಿಯವನು ಅವನ ಹೆಸರು ಕೇಳಿ ನಮ್ಮ ಹತ್ತಿರ ಟೀ ದುಡ್ಡನ್ನೇ ತೆಗೆದುಕೊಳ್ಳಲಿಲ್ಲ. ಬೇಸಿಗೆಯಲ್ಲಿ ಬೆಟ್ಟ ಹತ್ತುವವರಿಗೆ ಮಜ್ಜಿಗೆ ಹಂಚುತ್ತಾನಂತೆ, ಯಾರು ಏನು ಕೇಳಿದರೂ ಇಲ್ಲ ಅನ್ನುವುದಿಲ್ಲವಂತೆ. 'ಇದು ಮನೆತನ' ಎಂದ ಮಾವ. ಅವನ ಮನೆಯಲ್ಲಿ ಹೋಳಿಗೆ ಊಟ ಹಾಕಿದರು. ದೀಪಾವಳಿಗೆ ಆಗುತ್ತದಾ ಎಂದು ಕೇಳಿದೆ. 'ಆಗತ್ತೆ ಸಾರ್, ಯಾಕಾಗಲ್ಲ!' ಎಂದ. ಧೂಳು ಎಂದೆ, ನನಗೂ ಒಳಗೆ ಅಳುಕು ಇತ್ತು ನೋಡಿ. 'ಅದೇನ್ ಮಹಾ, ಮಾಡ್ಕೊಡಣ ಬಿಡಿ' ಎಂದ. ಯಾರಿಗೂ ಇಲ್ಲ ಅನ್ನದವನು ನನ್ನ ತಪ್ಪಿಗೂ ಇಲ್ಲ ಅನ್ನುವುದಿಲ್ಲ ಎಂಬುದು ಆ ಹೋಳಿಗೆಯ ಮುಂದೆ ನನಗೆ ಹೊಳೆಯಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳಿಕೊಡುವ ಬಾಯಿ ನನ್ನದು.

ಮೋಸಗಾರ ಅಲ್ಲ ಅವನು. ಮೋಸಗಾರನಾಗಿದ್ದರೆ ಬೈದು ಹಗುರಾಗಬಹುದಿತ್ತು. ನನಗೆ ಹೂಂ ಎಂದ ಹಾಗೆಯೇ ಇನ್ನೂ ನಾಲ್ಕು ಜನರಿಗೆ ಹೂಂ ಎಂದಿದ್ದ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಶಿವರಾತ್ರಿಯ ಹೊತ್ತಿಗೆ ಪೆಟ್ಟಿಗೆಗಳು ಬಂದವು. ನಾನು ಕೊಟ್ಟ ನಕ್ಷೆಯ ಹಾಗೆಯೇ ಇದ್ದವು, ಒಂದು ಕೂದಲಿನಷ್ಟೂ ಬದಲಿಲ್ಲ. ದುಡ್ಡು ಹಾಕಿದವರಿಗೆಲ್ಲ ಕಳಿಸಿದೆವು, ಅಕ್ಕನ ನಾಲ್ಕೂ ಮಗ್ಗಕ್ಕೂ ಹಾಕಿದೆವು. ಮೊದಲ ಎಳೆ ಕಡಿದು ದೀಪ ಹತ್ತಿದಾಗ ಅಕ್ಕ ಕುಂಕುಮ ತಂದು ಪೆಟ್ಟಿಗೆಗೆ ಇಟ್ಟಳು. 'ನಮ್ಮ ತಮ್ಮ ಮಾಡಿದ್ದು' ಎಂದು ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದಳು.

ಹನ್ನೊಂದನೇ ದಿನ ಎರಡನೇ ಮಗ್ಗದ ದೀಪ ಹತ್ತಲಿಲ್ಲ. ಹನ್ನೆರಡನೇ ದಿನ ಇನ್ನೆರಡು. ನಾನು ಸ್ಪಿರಿಟ್ಟು, ಹತ್ತಿ ತೆಗೆದುಕೊಂಡು ಹೋಗಿ ಕಣ್ಣು ಒರೆಸುವುದು, ಅದು ಮತ್ತೆ ಮುಚ್ಚುವುದು. ಅಷ್ಟರಲ್ಲಿ ಅಕ್ಕ ಪೆಟ್ಟಿಗೆಯನ್ನು ನಂಬಿ ಹಾಸಿನ ಮೇಲೆ ಕಣ್ಣಿಡುವುದನ್ನು ಕಡಿಮೆ ಮಾಡಿದ್ದಳು. ಅವಳ ತಮ್ಮ ಮಾಡಿದ್ದಲ್ಲವೇ. ಒಂದು ಮದುವೆ ಸೀರೆಯ ಉದ್ದಕ್ಕೂ ಗೆರೆ ಬಿತ್ತು. ಸಾವುಕಾರರು ಜಗಳವೇನೂ ಆಡಲಿಲ್ಲ, ರೇಷ್ಮೆ ಕಳಿಸುವುದನ್ನು ನಿಲ್ಲಿಸಿದರು. ಅಕ್ಕ ಬೇರೆಯವರನ್ನು ಕೇಳಿದಳು. ಅವರು 'ಫೋನ್ ಮಾಡ್ತೀವಿ' ಎಂದರು.

ದುಡ್ಡು ಹಾಕಿದ್ದ ಜನ ವೆಬ್‌ಸೈಟಿನಲ್ಲಿ ಬರೆದದ್ದನ್ನು ಮಗಳು ಓದಿ ಹೇಳುತ್ತಿದ್ದಳು. ಬೈಗಳನ್ನು ಹೇಗೋ ಕೇಳಿಸಿಕೊಂಡೆ. ಯಾರೋ ಒಬ್ಬರು, 'ನಮ್ಮ ತಾಯಿಗೂ ಕಿವಿ ಕೇಳಲ್ಲ, ದಯವಿಟ್ಟು ಸರಿ ಮಾಡಿಕೊಡಿ' ಎಂದು ಬರೆದಿದ್ದರು. ಅದನ್ನು ಕೇಳಲಾರದೆ ಎದ್ದು ಹೋದೆ.

ಮಗ್ಗಗಳನ್ನು ಗುಜರಿಯವರು ಬಿಚ್ಚಿಕೊಂಡು ಹೋದ ದಿನ ನಾನು ರಜೆ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಸಂಜೆ ಹೋದಾಗ ಶೆಡ್ಡಿನ ನೆಲದಲ್ಲಿ ಮಗ್ಗಗಳ ಕಾಲಿದ್ದ ಕಡೆ ಗುಂಡಿಗಳಷ್ಟೇ ಇದ್ದವು. ಅಕ್ಕ ಪೊರಕೆ ಹಿಡಿದು ಗುಡಿಸುತ್ತಿದ್ದಳು. ಒರೆಸಲು ಗುಡಿಸಲು ಪುರಸೊತ್ತಿಲ್ಲ ಅನ್ನುತ್ತಿದ್ದವಳಿಗೆ ಈಗ ಬೇಕಾದಷ್ಟು ಪುರಸೊತ್ತಿತ್ತು. ನಾನು ಬಾಗಿಲಿನಿಂದಲೇ ಬಂದುಬಿಟ್ಟೆ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ. ಆ ವರ್ಷದ ಅವರೆಕಾಯಿ ಕಾಲಕ್ಕೆ ನಾನು ಹೊಸಕೋಟೆಗೆ ಹೋದೆ. ಉಳಿದ ನೇಕಾರರ ಪೆಟ್ಟಿಗೆಗಳನ್ನಾದರೂ ಸರಿ ಮಾಡಿಕೊಡು ಎಂದು ಕೇಳುವುದಿತ್ತು. ಕ್ಷಮಿಸು ಎನ್ನುವುದೂ ಇತ್ತು. ಮಾವನನ್ನು ಕರೆದುಕೊಂಡು ಹೋಗಲಿಲ್ಲ.

ವರ್ಕ್‌ಶಾಪಿನ ಬಾಗಿಲಲ್ಲಿ ಒಬ್ಬ ಹೆಂಗಸು ಕೂತು ತಂತಿಗೆ ಬೆಸುಗೆ ಹಾಕುತ್ತಿದ್ದರು. ಅವನ ತಂಗಿ. ಅವನು ಬ್ಯಾಂಕಿಗೆ ಹೋಗಿದ್ದಾನೆ, ಈಗ ಬರುತ್ತಾನೆ, ಕೂತುಕೊಳ್ಳಿ ಎಂದು ಸ್ಟೂಲು ಕೊಟ್ಟರು. ಊರಿನ ಕಡೆ ಹೋಗುವುದುಂಟಾ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

'ಎಲ್ಲಿ ಹೋಗೋದು ಸಾರ್. ಜಮೀನಿಗೆ ರೇಟ್ ಬಂದಾಗ ದೊಡ್ಡಣ್ಣ ನಿನ್ನ ಭಾಗ ಬಿಟ್ಟುಕೊಡು ಅಂತ ನನ್ನ ಹತ್ರ ಸೈನ್ ಕೇಳ್ದ. ನಾನು ಮಾಡ್ತಿದ್ನೇನೋ. ಇವ್ನು ಬಿಡ್ಲಿಲ್ಲ. ತಂಗಿ ಭಾಗ ತಂಗಿಗೆ ಅಂತ ಕೇಸ್ ಹಾಕ್ದ. ಅವತ್ತಿಂದ ಊರೋರು ಇವ್ನನ್ನೇ ಬೈತಾರೆ' ಎಂದು ಬೆಸುಗೆಯಿಂದ ತಲೆಯೆತ್ತದೆ ಹೇಳಿದರು.

ಡೈರಿಯ ಮುಂದೆ ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ತಂಗಿಗಾಗಿ ಊರನ್ನೇ ಬಿಟ್ಟ ಅವನಿಗೆ ಮನೆತನ ಸರಿಯಿಲ್ಲ ಎಂದು ತೀರ್ಪು ಕೊಟ್ಟಿದ್ದೆ, ಅಕ್ಕನಿಗಾಗಿ ಒಂದು ಮಾತು ಸಹಿಸಲಾರದ ನಾನು.

ಅವನು ಬಂದ. ನನ್ನನ್ನು ನೋಡಿ ಸಿಟ್ಟು ಮಾಡಿಕೊಳ್ಳಲಿಲ್ಲ, 'ಬನ್ನಿ ಸಾರ್' ಎಂದ, ಟೀ ತರಿಸಿದ. ಆಮೇಲೆ ಕಪಾಟಿನ ಮೇಲಿನಿಂದ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ ಇಳಿಸಿದ. ನನ್ನದೇ ಪೆಟ್ಟಿಗೆ. ಕಣ್ಣಿನ ಮುಂದೆ ಒಂದು ಸಣ್ಣ ಕುಂಚ ಕೂರಿಸಿದ್ದ. ಮೋಟಾರಿಲ್ಲ, ಏನಿಲ್ಲ. ಮಗ್ಗ ಅದುರಿದ ಹಾಗೆಲ್ಲ ಅದು ತಾನಾಗಿ ಅತ್ತಿತ್ತ ಆಡಿ ಕಣ್ಣು ಒರೆಸುತ್ತದೆ. ಅವತ್ತು ಮಗ್ಗದ ಮೇಲೆ ಅಂಗೈಯಿಟ್ಟು ಅಷ್ಟು ಹೊತ್ತು ಯಾಕೆ ನಿಂತಿದ್ದ ಎಂದು ನನಗೆ ಆಗ ತಿಳಿಯಿತು.

'ಪರಿಚಯದೋರ ಮಗ್ಗಕ್ಕೆ ಹಾಕಿ ಎರಡು ತಿಂಗಳು ನೋಡ್ದೆ ಸಾರ್. ಮುಚ್ಕೊಳ್ಲಿಲ್ಲ' ಎಂದ.

'ಯಾವಾಗ ಮಾಡಿದ್ದು ಇದು?'

'ನೀವು ಪೆಟ್ಟಿಗೆ ಕೊಟ್ಟ ವರ್ಷವೇ, ಗೌರಿ ಹಬ್ಬಕ್ಕೆ ಮೊದ್ಲೇ ಆಗಿತ್ತು.'

ಎಂದರೆ ನಾವು ದೀಪಾವಳಿಗೆ ಕಾಯುತ್ತಿದ್ದಾಗಲೇ. ಅಕ್ಕನ ನಾಲ್ಕೂ ಮಗ್ಗ ಓಡುತ್ತಿದ್ದಾಗಲೇ. 'ಒಂದು ಫೋನ್ ಮಾಡೋದಲ್ವೇನಪ್ಪಾ' ಎಂದೆ. ನನ್ನ ದನಿ ಅಳುವವನ ದನಿಯಾಗಿತ್ತು.

'ನೀವೇ ಮಾಡ್ತೀನಿ ಅಂದಿದ್ರಲ್ಲ ಸಾರ್. ಮದುವೆ ವಿಷ್ಯದಲ್ಲಿ ಹಂಗಂದ್ರೆ ಬೇಡ ಅಂತ ಗೊತ್ತು. ಕೆಲ್ಸದ ವಿಷ್ಯದಲ್ಲೂ ಅದೇನಾ ಅಂತ ಗೊತ್ತಾಗ್ಲಿಲ್ಲ. ನಾನೇ ತಿರ್ಗ ಮಾಡಿದ್ರೆ ಮೇಲೆ ಬಿದ್ದಂಗಾಗ್ತದೆ ಅಂತ ಸುಮ್ನಾದೆ.' ಆಮೇಲೆ ಕೇಳಿದ: 'ಅಕ್ಕ ಚೆನ್ನಾಗಿದ್ದಾರಾ? ಮಗ್ಗ ಹೆಂಗ್ ನಡೀತಿವೆ?'

ಹೇಳಿದೆ. ಅವನು ಟೀ ಲೋಟವನ್ನು ಕೆಳಗಿಟ್ಟ. ಉಳಿದವರ ಪೆಟ್ಟಿಗೆಗಳನ್ನು ಒಂದೊಂದಾಗಿ ಸರಿ ಮಾಡಿಕೊಡಲು ಒಪ್ಪಿಕೊಂಡ. ಹೊರಡುವಾಗ ಆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, 'ಇದು ಅಕ್ಕಂದು' ಎಂದ.

ನೇರ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಡೈರಿ, ಕೇಸು, ಮಸಾಲೆ ದೋಸೆ, ಹೋಳಿಗೆ, ನನ್ನ ಅಹಂಕಾರ, ಗೌರಿ ಹಬ್ಬ, ಯಾವುದನ್ನೂ ಬಿಡಲಿಲ್ಲ. ಎಷ್ಟು ದಿನದಿಂದ ಕಟ್ಟಿಕೊಂಡಿದ್ದ ಮಾತೋ, ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಅಕ್ಕ ತಿರುಗಲಿಲ್ಲ. ಕಾಳು ಒಂದೊಂದಾಗಿ ಪಾತ್ರೆಗೆ ಬೀಳುತ್ತಿತ್ತು. ಕೋಪ ಮಾಡಿಕೊಂಡಿದ್ದಾಳೆ ಎಂದುಕೊಂಡೆ. ಆಮೇಲೆ ಹೊಳೆಯಿತು, ನಾನು ಅವಳ ಬೆನ್ನಿಗೆ ಹೇಳುತ್ತಿದ್ದೆ.

ಸುತ್ತಿ ಹೋಗಿ ಎದುರಿಗೆ ಕೂತೆ. ಅವಳು ತಲೆಯೆತ್ತುವವರೆಗೆ ಕಾದೆ. ಮತ್ತೆ ಹೇಳಿದೆ. ಈ ಸಲ ಅವಳ ಮುಖ ನೋಡಿಕೊಂಡು ಹೇಳಬೇಕಾಗಿದ್ದರಿಂದ ಮಾತು ಬಹಳ ಸಣ್ಣದಾಯಿತು. 'ಅವನು ಅವತ್ತೇ ಸರಿ ಮಾಡಿಟ್ಟಿದ್ದ ಅಕ್ಕ. ನಾನು ಫೋನ್ ಮಾಡಲಿಲ್ಲ.'

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕುಂಚವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಒಳಗೆ ಸೆಲ್ಲು ಹಾಕಿಯೇ ಕೊಟ್ಟಿದ್ದ. ಅವಳು ಸೆರಗಿನ ಅಂಚಿನಿಂದ ಒಂದು ಎಳೆ ಎಳೆದು, ಹಲ್ಲಲ್ಲಿ ಕಡಿದು, ಪೆಟ್ಟಿಗೆಯ ಕಣ್ಣಿನ ಮುಂದೆ ಜೋತುಬಿಟ್ಟಳು. ಕೆಂಪು ದೀಪ ಹತ್ತಿತು.

ಎಳೆ ತೆಗೆದಳು, ಆರಿತು. ಮತ್ತೆ ಬಿಟ್ಟಳು, ಹತ್ತಿತು. ಹಾಗೆ ಎಷ್ಟು ಸಲ ಮಾಡಿದಳೋ.

'ಚೆನ್ನಾಗಿ ಹತ್ತತ್ತೆ ಕಣೋ' ಎಂದಳು.